ಸೀತಾಫಲದ ಕಾಲ

ಸೀತಾಫಲ ಬಂದಾವೇನವ್ವಾ ಅಂತ ಕೇಳಿದ ನೋಡು, ಸಂಜಿ ಆರಕ್ಕ ಮತ್ತ ಮಾಡ್ತೇನಿ ಅಂದ, ಅಷ್ಟರಾಗ ಫೋನ್ ಕಟ್ಟಾತು, ಎನ್ನುತ್ತಿದ್ದಾರೆ ಅತ್ತೆ, ಹೊಸ್ತಿಲೊಳಗೆ ನನ್ನ ಒಂದೇ ಕಾಲು ಬಂದಿದೆ, ಇನ್ನೊಂದು ಚಪ್ಪಲಿಯ ಪಟ್ಟಿಯಲ್ಲೇ ಸಿಕ್ಕಿಕೊಂಡಿದೆ, ಏನ್ ಕೇಳಿದ್ರಂದ್ರಿ ಅತ್ತಿ, ಸೀತಾಫಲ ತಂಗಿ, ಸೀತಾಫಲ, ನೀ ಕ್ಲಾಸಿಗೆ ಹೋಗಿದ್ದೆಲ್ಲ, ಗೋದಾಕಾಕು ಕೆಳಗಿನ ಮನಿಯಿಂದ ಒದರಿದ್ರು, ಸಾವಂತ್ರವ್ವಾ, ಮುಲಾಚಾ ಫೋನ್, ಮಗನ ಫೋನ್ ಅಂತ, ಆ ಮೆಟ್ಟಲ ಹೆಂಗ ಇಳದ್ನೋ ನನಗ ಗೊತ್ತಿಲ್ಲ — ಏಳು ತಿಂಗಳಿಂದ ಕಾಣದ ನಗು ಅತ್ತೆಯ ಮುಖದಲ್ಲಿ — ಅಷ್ಟು ದೂರ ಸೋಮಾಲಿಯಾದಾಗ ಕುಂತ ನನ್ನ ಮಗಗ ಸೀತಾಫಲ ನೆನಪಾತಲ್ಲ, ಬಂದಾವಪ್ಪಾ ಮಾಂತು, ಬುಟ್ಟಿಗಟ್ಟಲೆ ಬಂದಾವ ಅಂದೆ. ಬುಟ್ಟಿಗಟ್ಟಲೆ. ನಾನೂ ನಗಬೇಕು, ನಕ್ಕೆ ಅಂತ ಕಾಣುತ್ತದೆ, ಯಾಕಂದರೆ ಅತ್ತೆ ಏನೂ ಕೇಳದೆ ಚಹಾಕ್ಕೆ ಇಟ್ಟರು. ಗಡಿಯಾರದಲ್ಲಿ ನಾಲ್ಕೂವರೆ. ಆರಕ್ಕೆ ಇನ್ನೂ ಒಂದೂವರೆ ತಾಸು.

ಅಂಜೂರ ಅಂದರೆ ಎಲ್ಲ ಛಲೋ. ಸೀತಾಫಲ ಅಂದರೆ ಛಲೋ ಇಲ್ಲ. ಇದು ಈ ಭೂಮಿಯ ಮೇಲೆ ಇಬ್ಬರಿಗೇ ಗೊತ್ತು, ಅವರಿಗೆ, ನನಗೆ. ಹಟ ಹಿಡಿದವಳು ನಾನೇ, ಈಗ ಯಾರನ್ನು ಬೈಯಲಿ — ಮಿಲಿಟರಿ ಕೆಲಸದ ಮೇಲೆ ಮಣಿಪುರದಲ್ಲಿದ್ದಾಗ ಎರಡು ತಿಂಗಳು ನಾನು ಕ್ಷೇಮ, ನಾನು ಕ್ಷೇಮ ಎಂದು ಪತ್ರ ಬರೆದರು, ಅಕ್ಷರ ಯಾಕ್ರಿ ಇಷ್ಟು ಸೊಟ್ಟ ಅಂತ ನಾನು ಬರೆದರೆ ಟ್ರಕ್ಕಿನಾಗ ಕುಂತ ಬರದೇನಿ ಅಂತ ಉತ್ತರ, ರಜೆಗೆ ಬಂದಾಗ ನೋಡಿದರೆ ಬಲಗೈಗೆ ಪ್ಲಾಸ್ಟರು, ಅಷ್ಟೂ ಪತ್ರ ಎಡಗೈಯಲ್ಲಿ ಬರೆದದ್ದು! ಅದಕ್ಕೇ ಮಾರ್ಚಿನಲ್ಲಿ, ಹೊರಡುವ ಮುಂಚಿನ ರವಿವಾರ, ಪುಣೆಯಿಂದ ಸ್ಕೂಟರಿನ ಮೇಲೆ ಸಾಸವಡಕ್ಕೆ ಹೋಗಿ ರಸ್ತೆಯ ಬದಿ ನಿಂತು ಎಲೆಯ ಮೇಲಿನ ಅಂಜೂರ ತಿನ್ನುವಾಗ ಅಂದೆ, ಈ ಸಲ ಸುಳ್ಳ ಹೇಳಬ್ಯಾಡ್ರಿ, ಕೈ ಮುಗೀತೇನಿ. ಫೋನಿನಾಗ ಖರೇ ಹೇಳೂದು ಹೆಂಗ ಹುಡುಗಿ, ನನ್ನ ಹಿಂದ ಸಾಹೇಬ್ರು ನಿಂತಿರ್ತಾರ, ನಿನ್ನ ಹಿಂದ ಅವ್ವ ನಿಂತಿರ್ತಾಳ — ಬಾಯಿತುಂಬ ಹಣ್ಣು, ಕಣ್ಣಲ್ಲಿ ಆ ಕಿಡಿಗೇಡಿ ನಗು — ಒಂದ್ ಕೆಲಸ ಮಾಡೋಣು, ಛಲೋ ಇದ್ರ ಅಂಜೂರದ ಮಾತ ತಗೀತೇನಿ. ಇರಲಿಲ್ಲಂದ್ರ? ಅಷ್ಟರಲ್ಲಿ ಹಣ್ಣು ಮಾರುವ ಹೆಂಗಸು, ಪಾವಸಾನಂತರ ಯಾ, ಸೀತಾಫಳ ದೇತೆ, ಎಂದಳು, ಇವರು ಚಿಟಿಕೆ ಹೊಡೆದು, ಆತು ನೋಡು, ಇರಲಿಲ್ಲಂದ್ರ ಸೀತಾಫಲ. ಮಳೆ ಮುಗಿದ ಮೇಲೆ ಬರ್ರಿ, ಸೀತಾಫಲ ಕೊಡ್ತೇನಿ ಅಂತ ಅವಳು ಬಾಯಿಬಿಟ್ಟು ಹೇಳಿದರೂ ನಮ್ಮಿಬ್ಬರ ತಲೆಗೂ ಹೋಗಲಿಲ್ಲ, ಆರು ತಿಂಗಳಿಗಂತ ಹೊರಟವರು, ಗಣಪತಿ ಹಬ್ಬಕ್ಕೆ ಮನ್ಯಾಗ ಇರ್ತೇನಿ ಅಂದವರು, ಗಣಪತಿ ಬಂದ, ಹೋದ, ಇವರ ಅವಧಿ ಮುಂದಕ್ಕೆ ಹೋಯಿತು, ಈಗ ಅಕ್ಟೋಬರ್, ಇಡೀ ಪುಣೆಯೇ ಸೀತಾಫಲ ತಿನ್ನುತ್ತಿದೆ, ಯಾರು ಬೇಕಾದರೂ ಕೇಳುವ ಮಾತು ಅದು, ಅವ್ವನಿಗೆ ಫೋನು ಮಾಡಿದ ಮಗ ಮತ್ತೇನು ಕೇಳಬೇಕು? ಸುಮ್ಮನೆ ಕೇಳಿದ್ದಾರೆ. ಸುಮ್ಮನೆಯೇ. ಒಪ್ಪಂದ ಮರೆತಿದ್ದಾರೆ. ಆದರೆ ಅದೆಂಥ ಮರೆವು, ಮದುವೆಯಲ್ಲಿ ನಮ್ಮ ಕಾಕಾ ಮಾಡಿದ ಚೇಷ್ಟೆಯನ್ನು ಹತ್ತು ವರ್ಷವಾದರೂ ಮರೆಯದವರು.

ಬಾ ತಂಗಿ, ಮಂಡಯಿ ಬಜಾರಕ್ಕ ಹೋಗಿ ಒಂದೆರಡು ಡಜನ್ ತರೋಣು, ಅತ್ತಿ, ಫೋನ್ ಬರ್ತದ, ಆರಕ್ಕಲ್ಲೇನ, ಇರ್ಲಿ, ನೀ ಕುಂದ್ರು, ನಾ ಹೋಗಿ ಬರ್ತೇನಿ — ಹೋದರು, ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸಪ್ಪಳ ಎಷ್ಟು ಹಗುರ. ಅತ್ತೆಗೆ ಮಗನ ಕೆಲಸ ಗೊತ್ತಿಲ್ಲ, ಶಾಂತಿ ಕಾಯಾಕ ಹೋದವ್ರಿಗೆ ಯಾರ್ಯಾಕ ಗುಂಡ ಹೊಡೀತಾರ ಬಿಡು ಎನ್ನುತ್ತಾರೆ, ಅಕ್ಕಿ ಲಾರಿ ಕಾಯೂದಂತ, ಪುಣ್ಯದ ಕೆಲಸ ಎನ್ನುತ್ತಾರೆ. ಅಕ್ಕಿ ಲಾರಿ ಖರೆ, ಆದರೆ ಲಾರಿ ಹೋಗುವ ಮೊದಲು ದಾರಿಗೆ ಹೋಗುವವರು ಇವರು, ಇಲ್ಲೇ ಖಡಕಿಯ ಮಿಲಿಟರಿ ಕೇಂದ್ರದಲ್ಲಿ ಕಲಿತ ವಿದ್ಯೆ, ಹೊಟ್ಟೆಯ ಮೇಲೆ ಮಲಗಿ ಮಣ್ಣಿನಲ್ಲಿ ಬಾಂಬು ಹುಗಿದಿದ್ದಾರೋ ಅಂತ ಸಲಾಕೆಯಿಂದ ನೋಡುವುದು, ಒಂದು ಸಲ ರೊಟ್ಟಿಯ ಹಿಟ್ಟಿನ ಮೇಲೆ ಸೂಜಿ ಹಿಡಿದು ತೋರಿಸಿದ್ದರು, ನೆಟ್ಟಗ ಚುಚ್ಚಬಾರ್ದು, ಸಿಡೀತದ, ಓರೆ, ಹಿಂಗ. ಮತ್ತೆ ಶಾಂತಿಪಡೆಯ ಆ ನೀಲಿ ಟೋಪಿ. ಫೋಟೋ ಕಳಿಸಿದ್ದಾರೆ, ಗೋದಾಕಾಕು ನೋಡಿ ಕಿತೀ ಛಾನ್, ಎಷ್ಟು ಚೆಂದ ಎಂದರು, ಕೃಷ್ಣನ ಬಣ್ಣ ಎಂದರು. ಹಸಿರು ಬಟ್ಟೆ ಗಿಡದಲ್ಲಿ ಮರೆಯಾಗುವುದಕ್ಕೆ, ನೀಲಿ ಟೋಪಿ ಎಲ್ಲರಿಗೂ ಕಾಣುವುದಕ್ಕೆ, ನಾವು ನಿಮ್ಮ ವೈರಿಗಳಲ್ಲ ಅಂತ ದೂರದಿಂದಲೇ ಕಾಣಬೇಕಂತೆ — ದೂರದಿಂದಲೇ ಕಾಣುತ್ತದೆ, ಬಂದೂಕು ಹಿಡಿದವನಿಗೂ ದೂರದಿಂದಲೇ ಕಾಣುತ್ತದೆ, ಇವರು ಮೊದಲು ಹೊಡೆಯುವ ಹಾಗಿಲ್ಲ, ಹಾಗಂತ ಕಾಗದದಲ್ಲಿ ಬರೆದಿದೆಯಂತೆ, ಆ ಕಾಗದ ಅವನು ಓದಿದ್ದಾನೆಯೇ? ಮೊನ್ನೆ ನಾನು ಕೆಲಸ ಮಾಡುವ ಟ್ಯೂಶನ್ ಕ್ಲಾಸಿನಲ್ಲಿ ಪ್ರಶ್ನೆಪತ್ರಿಕೆ ಟೈಪು ಮಾಡುವಾಗ ಮೇಜಿನ ಮೇಲೆ ಮರಾಠಿ ಪೇಪರು, ಒಳಪುಟದಲ್ಲಿ ನಾಲ್ಕು ಸಾಲು, ಸೋಮಾಲಿಯಾ, ಶಾಂತಿಪಡೆ, ಮುಂದೆ ಓದದೆ ಮಡಿಚಿಟ್ಟೆ, ಓದಬೇಕಿತ್ತು, ಓದಿದ್ದರೆ ಏನು ಮಾಡುತ್ತಿದ್ದೆ.

ಆರು ಹೊಡೆಯಿತು. ಗೋದಾಕಾಕುವಿನ ನಡುಮನೆಯಲ್ಲಿ ಮೂವರು ಹೆಂಗಸರು, ಅತ್ತೆ ಸೀತಾಫಲದ ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ, ಕಾಕು ಉಯ್ಯಾಲೆಯ ಮೇಲೆ, ನಾನು ಫೋನಿನ ಬಳಿ ನಿಂತೇ ಇದ್ದೇನೆ, ಬಸ್ ನಾ ಗಂ, ಕೂತುಕೋ, ಕೂತರೆ ಏನು ಫೋನು ಓಡಿ ಹೋಗುತ್ತದೆಯೇ, ಎನ್ನುತ್ತಾರೆ ಕಾಕು, ಆರೂ ಐದು, ಆರೂ ಹತ್ತು, ಆಗ ರಿಂಗು, ಇನ್ನೊಂದು ರಿಂಗಿಗೆ ಬಿಡದೆ ಎತ್ತಿದೆ, ಹಲೋ ಎಂದೆ, ನನ್ನ ಹಲೋ ನನ್ನ ಕಿವಿಗೇ ತಿರುಗಿ ಬಂತು, ಆಮೇಲೆ ಅವರದು, ತ್ರಿವೇಣಿ. ಹೆಂಗದೀರಿ — ಒಂದು, ಎರಡು — ಅರಾಮ್ ಅದೇನಿ. ಈ ಫೋನಿನ ದಾರಿ ಆಕಾಶಕ್ಕೆ ಹೋಗಿ ಬರುವುದಂತೆ, ಎರಡು ಎಣಿಸುವಷ್ಟು ಹೊತ್ತು, ಅದು ನನಗೆ ರೂಢಿಯಾಗಿದೆ. ಊಟ ಆತೇನ್ರಿ — ಒಂದು, ಎರಡು — ಆತು, ಸಾಲು ಭಾಳ ಅದ, ಎರಡ ನಿಮಿಷ ಅಷ್ಟ ಕೊಟ್ಟಾರ. ಎರಡು ನಿಮಿಷ. ಕೇಳು, ಈಗಲೇ ಕೇಳು, ಅಂಜೂರ ಕಳಿಸ್ಲೇನ್ರಿ ಎಂದೆ, ಈಗೆಲ್ಲಿ ಅಂಜೂರ, ಹುಚ್ಚಿ, ಅತ್ತೆ ಬಾಗಿಲಿಂದಲೇ ನಕ್ಕರು, ಅಂಜೂರ ಕಳಿಸ್ಲೇನ್ರಿ, ನನ್ನ ದನಿ ನನಗೇ ತಿರುಗಿ ಬಂತು, ಒಂದು, ಎರಡು, ಹೂಂ ಅನ್ರಿ, ಮೂರು, ಸುಳ್ಳಾದ್ರೂ ಹೂಂ ಅನ್ರಿ, ನಾ ಮತ್ತೆಂದೂ ಜಗಳಾಡೂದಿಲ್ಲ, ಎಡಗೈಲೇ ಬರೀರಿ, ನಾಲ್ಕು — ಬ್ಯಾಡ ತ್ರಿವೇಣಿ. ಸೀತಾಫಲನ. ಆಮೇಲೆ ಮೆಲ್ಲಗೆ, ತಿಳೀತಿಲ್ಲ? ತಿಳೀತ್ರಿ ಎಂದೆ, ತಿಳೀತ್ರಿ ಎಂದು ಫೋನು ನನಗೇ ಹೇಳಿತು, ಅಷ್ಟೇ, ಆಮೇಲೆ ಬರೀ ಗುಂಯ್ ಅನ್ನುವ ಸದ್ದು. ಏನಂದ, ಏನಂದ ತಂಗಿ? ಸೀತಾಫಲ ಬೇಕಂತ್ರಿ ಅತ್ತಿ. ನಾ ಹೇಳ್ಲಿಲ್ಲ? ನಾಳೆ ಪಾರ್ಸಲ್ ಮಾಡೋಣು, ಕಾಯಿ ಇದ್ದದ್ದ ಆರಿಸಬೇಕು, ಹಣ್ಣಾದದ್ದ ದಾರ್ಯಾಗ ಕೊಳೀತಾವ. ಹೌದ್ರಿ ಎಂದೆ.

ಅತ್ತೆ ಚೀಲ ಬಿಚ್ಚಿ, ಒಂದೊಂದೇ ಹೊರಗೆ ತೆಗೆದು, ತಲೆ ತಗ್ಗಿಸಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾರೆ, ಮೆಲ್ಲಗೆ, ಗಟ್ಟಿ ಇದ್ದದ್ದು ಬಲಕ್ಕೆ, ಇನ್ನೊಂದು, ಒತ್ತಿದರು, ಗಟ್ಟಿ, ಬಲಕ್ಕೆ, ಇನ್ನೊಂದು, ಒತ್ತಿದರು, ಓರೆಯಲ್ಲ, ನೆಟ್ಟಗೆ, ಹೆಬ್ಬೆರಳು ನಿಲ್ಲಲಿಲ್ಲ, ಸಿಪ್ಪೆ ಬಿರಿಯಿತು, ಗೆಣ್ಣಿನ ತನಕ ಒಳಗೆ ಹೋಯಿತು, ಹೆಬ್ಬೆರಳು — ಬೆಳ್ಳಗೆ ಉಕ್ಕಿ — ಹೆಬ್ಬೆರಳು ಒಳಗೆ —