ಬಿಳಿ ಕ್ಯಾನಿನ ಅಕ್ವೇರಿಯಂ

ಕೊಡುವುದೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಕಾಫಿ ಗಿಡದ ಬೋರರ್ ಹುಳಕ್ಕೆ ಔಷಧಿ ಹೊಡೆದು ಮುಗಿದ ಮೇಲೆ, ಖಾಲಿ ಕ್ಯಾನುಗಳನ್ನು ಕೂಲಿಯಾಳುಗಳ ಸಾಲುಮನೆಯ, ಅಂದರೆ ಲೈನಿನ, ಹೆಂಗಸರಿಗೆ ಹಂಚುವುದು ನಮ್ಮ ತೋಟದ ರೂಢಿ. ಹಂಚುವ ಕೈ ನನ್ನದು. ಬೂದಿ ಹಾಕಿ ಉಜ್ಜಿ, ಮೂರು ಸಲ ಬಿಸಿನೀರಲ್ಲಿ ತೊಳೆದು, ಮೂಗಿಗೆ ವಾಸನೆ ಬಾರದಿದ್ದರೆ ಆಯಿತು ಎಂಬುದು ಅತ್ತೆಯ ಕಾಲದಿಂದ ಬಂದ ನಂಬಿಕೆ. ಅವುಗಳ ಬಿಗಿ ಮುಚ್ಚಳಕ್ಕೆ ಎಲ್ಲರಿಗೂ ಆಸೆ. ಯಾರಿಗೆ ದೊಡ್ಡದು, ಯಾರಿಗೆ ಚಿಕ್ಕದು ಎಂದು ಜಗಲಿಯ ಮೇಲೆ ನಿಂತು ತೀರ್ಮಾನಿಸುವಾಗ ನನಗೆ ಬರುತ್ತಿದ್ದ ಗತ್ತನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

೧೯೯೭ರ ದಸರಾ ರಜೆ. ಬೆಳಿಗ್ಗೆ ಎಂಟಕ್ಕೆ ಲೈನಿನ ನಂಜಮ್ಮ ಬಂದಳು. ಮೂರು ತಿಂಗಳ ಕೂಸನ್ನು ತಾಯಿಗೆ ತೋರಿಸಲು ಕಳಸಕ್ಕೆ ಹೊರಟಿದ್ದಳು. ನಾನು ಸುಮ್ಮನೆ ಕಳಿಸುವವಳೇ? ಜೀರಿಗೆ ಹಾಕಿ ಕುದಿಸಿದ ನೀರನ್ನು ಒಂದು ಲೀಟರಿನ ಬಿಳಿ ಕ್ಯಾನಿಗೆ ತುಂಬಿ ಕೊಟ್ಟೆ.

"ಬಾಣಂತಿ ನೀನು, ದಾರೀಲಿ ಹೋಟ್ಲು ನೀರು ಮುಟ್ಬೇಡ. ಇದನ್ನೇ ಕುಡಿ. ಒಂದು ಹನೀನೂ ಉಳಿಸ್ಬಾರ್ದು, ಗೊತ್ತಾಯ್ತಾ?"

"ಆಯ್ತು ಅಮ್ಮಾವ್ರೆ" ಎಂದು ಕ್ಯಾನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಅವಳನ್ನು ಕಳಿಸಿ ಮಕ್ಕಳ ಕಡೆ ತಿರುಗಿದೆ. ಚಿಕ್ಕಮಗಳೂರಿನ ಹಲ್ಲಿನ ಡಾಕ್ಟರ ಬಳಿ ಅಕ್ವೇರಿಯಂ ನೋಡಿ ಬಂದ ಮೇಲೆ ನನ್ನ ಮಗಳು ಧನ್ಯಾ ತಲೆ ತಿನ್ನುತ್ತಿದ್ದಳು. ಯಜಮಾನರು ಬೇಡವೆಂದುಬಿಟ್ಟರು. ನಾವೇ ಒಂದು ಸುಳ್ಳು ಅಕ್ವೇರಿಯಂ ಮಾಡೋಣವೆಂದು ಕೂತೆ. ಡ್ರೈವರ್ ಮಂಜಯ್ಯನ ಮಗಳು ದಿವ್ಯಾಳೂ ಬಂದಳು. ಉಳಿದಿದ್ದ ಐದು ಲೀಟರಿನ ಕ್ಯಾನೊಂದನ್ನು ಅಡ್ಡ ಮಲಗಿಸಿ, ಮೇಲಿನ ಮಗ್ಗುಲನ್ನು ಕುಡುಗೋಲಿನಲ್ಲಿ ಕೊಯ್ದೆ. ಹಳೆಯ ಮದುವೆ ಕಾಗದಗಳಿಂದ ಮೀನು ಕತ್ತರಿಸಿದೆವು, ಬಂಗಾರದ ಗಣಪತಿಯಿದ್ದ ಭಾಗ ಬಾಲಕ್ಕೆ ಬಂತು. ತಳಕ್ಕೆ ಒಡೆದ ಬಳೆ ಚೂರು, ಸೀಸೆಯ ಬಿರಡೆ. ಪೊರಕೆಯ ಹಿಡಿಕಡ್ಡಿಗೆ ದಾರ ಕಟ್ಟಿ, ಗೋಂದಿನಿಂದ ಮೀನುಗಳನ್ನು ಅಂಟಿಸಿ ಇಳಿಬಿಟ್ಟಾಗ ಗಾಳಿಗೆ ಅವು ನಿಜಕ್ಕೂ ಈಜಿದವು. ನನಗೇ ಖುಷಿಯಾಗಿ, ಸಂಜೆ ಎಲ್ಲರಿಗೂ ಪ್ರದರ್ಶನ ಇಡೋಣವೆಂದೆ.

ದಿವ್ಯಾಳಿಗೆ ಕಾಗದದ ಮೀನು ಸಾಲಲಿಲ್ಲ. ಮನೆಯ ಕೆಳಗಿನ ತೊರೆಗೆ ಓಡಿ, ತೆಂಗಿನ ಚಿಪ್ಪಿನಲ್ಲಿ ಆರೇಳು ಪುಟ್ಟ ಮೀನು ಹಿಡಿದು ತಂದಳು. ಮಕ್ಕಳು ಕ್ಯಾನಿಗೆ ನೀರು ಸುರಿದು ನಾಲ್ಕನ್ನು ಬಿಟ್ಟರು.

"ಅಮ್ಮಾ, ಡ್ಯಾನ್ಸ್ ಮಾಡ್ತಾವೆ!" ಎಂದು ಧನ್ಯಾ ಕೂಗಿದಳು.

ಮೀನುಗಳು ನೀರಿನ ಮೇಲಕ್ಕೆ ಹಾರುತ್ತಿದ್ದವು. ಆಮೇಲೆ ಒಂದೇ ಕಡೆ ಗಿರ್ರನೆ ಸುತ್ತತೊಡಗಿದವು. ನಾನು ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ನಾಲ್ಕೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಗೋಂದು ಬಿತ್ತೇನೋ, ಎಷ್ಟು ಹೇಳಿದ್ರೂ ಕೇಳಲ್ಲ ನೀವು" ಎಂದು ಮಕ್ಕಳಿಗೇ ಬೈದೆ. ಹೊಸ ನೀರು ಹಾಕಿ ಇನ್ನೊಂದು ಮೀನು ಬಿಡಿಸಿದೆ. ಅದೂ ಹಾರಿತು, ಸುತ್ತಿತು, ಮಗುಚಿತು. ಚಿಪ್ಪಿನಲ್ಲಿ ಉಳಿದ ಎರಡು ಮೀನು ಮಾತ್ರ ಆರಾಮಾಗಿದ್ದವು.

ಈ ಕ್ಯಾನನ್ನೂ ನಂಜಮ್ಮನ ಕ್ಯಾನನ್ನೂ ನಾನೇ ಒಟ್ಟಿಗೆ, ಒಂದೇ ಬೂದಿಯಲ್ಲಿ, ಅದೇ ಬಿಸಿನೀರಲ್ಲಿ ತೊಳೆದಿದ್ದೆ. ಅಷ್ಟು ಭಯ ನಾನು ಹೆರುವಾಗಲೂ ಪಟ್ಟವಳಲ್ಲ. ಮಕ್ಕಳ ಕೈಗೆ ಸೋಪು ಹಚ್ಚಿ ತೊಳೆಸಿ, "ಲೈನಿಗೆ ಓಡಿ, ಬಿಳಿ ಕ್ಯಾನಲ್ಲಿ ಏನಿದ್ರೂ ಚೆಲ್ಲೋಕೆ ಹೇಳಿ" ಎಂದು ಅಟ್ಟಿದೆ. ಮಂಜಯ್ಯನನ್ನು ಕೂಗಿ, ವಿಷಯ ಹೇಳಿ ಜೀಪು ಹತ್ತಿದೆ.

"ಕಳಸದ ಬಸ್ಸು ಹನ್ನೊಂದೂವರೆಗೆ. ಅಲ್ಲಿತನಕ ಮೂಡಿಗೆರೆ ಸ್ಟ್ಯಾಂಡಲ್ಲೇ ಇರ್ತಾಳೆ ಅಮ್ಮಾವ್ರೆ. ಬೂದಿ ಹಾಕಿ ತೊಳೆದಿದ್ರಲ್ಲ, ಏನಾಗಲ್ಲ ಬಿಡಿ" ಎಂದ ಮಂಜಯ್ಯ.

"ಬಾಯಿ ಮುಚ್ಕೊಂಡು ಓಡ್ಸು ಮಾರಾಯ" ಎಂದೆ. ದಾರಿಯುದ್ದಕ್ಕೂ ನನಗೆ ನೆನಪಾಗುತ್ತಿದ್ದುದು ನನ್ನದೇ ಮಾತು. ಒಂದು ಹನಿಯೂ ಉಳಿಸಬಾರದು.

ಸ್ಟ್ಯಾಂಡಿನ ಕಂಬಕ್ಕೆ ಒರಗಿ ಕೂತಿದ್ದ ನಂಜಮ್ಮ, ನನ್ನನ್ನು ಕಂಡು ಏಳಲು ಹೋಗಿ ತೂರಾಡಿದಳು. ಹಣೆಯ ಮೇಲೆಲ್ಲ ಬೆವರು. ಮಗು ಮೊಲೆ ಬಿಟ್ಟು ಮಡಿಲಲ್ಲಿ ಮಲಗಿತ್ತು. ಪಕ್ಕದಲ್ಲಿ ಕ್ಯಾನು ಖಾಲಿಯಾಗಿತ್ತು.

"ಎಲ್ಲಾ ಕುಡಿದ್ಯೇನೇ?"

"ಹ್ಞೂಂ ಅಮ್ಮಾವ್ರೆ. ಮಗೂಗೂ ಒಂದೆರಡು ಚಮಚ ಹಾಕ್ದೆ. ಇಲ್ಲಿಗೆ ಬರೋ ಬಸ್ಸಲ್ಲಿ ಎರಡು ಸಲ ವಾಂತಿ ಆಯ್ತು. ಇವ್ನು ಆಗ್ಲಿಂದ ಎಬ್ಬಿಸಿದ್ರೂ ಏಳ್ತಿಲ್ಲ."

ಮಗುವನ್ನು ಎತ್ತಿಕೊಂಡೆ. ತಲೆ ನನ್ನ ತೋಳಿನ ಮೇಲೆ ಜೋತುಬಿತ್ತು. ಬಾಯಿಂದ ಜೊಲ್ಲು ಒಂದೇ ಸಮನೆ ಇಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಟಾರ್ಚು ಹಾಕಿ ಮಗುವಿನ ಕಣ್ಣು ನೋಡಿದರು. "ಏನು ತಿಂದಿದ್ದು, ಏನು ಕುಡಿದಿದ್ದು? ಬೇಗ ಹೇಳಮ್ಮ. ಅದರ ಮೇಲೆ ಟ್ರೀಟ್‌ಮೆಂಟ್."

ನಂಜಮ್ಮ ಮೊದಲು ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು.

"ಸ್ಟ್ಯಾಂಡಲ್ಲಿ ನಲ್ಲಿ ನೀರು ಕುಡಿದ್ವಿ ಸಾರ್."

ಡಾಕ್ಟರು ಬರೆಯತೊಡಗಿದರು. ಅವಳು ಸುಳ್ಳು ಹೇಳಿದ್ದು ನನಗಾಗಿ. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಪೊಲೀಸು, ಊರಿನವರ ಬಾಯಿ, ಯಜಮಾನರ ಮುಖ ಕಣ್ಣ ಮುಂದೆ ಬಂದವು. ಡಾಕ್ಟರು ಬರೆದು ಮುಗಿಸಿ, ಚೀಟಿ ಹರಿದು ನರ್ಸಿನ ಕೈಗೆ ಕೊಡುವವರೆಗೂ ಸುಮ್ಮನಿದ್ದೆ. ಅಷ್ಟು ನೀಚಳು ನಾನು.

"ಅಲ್ಲ ಡಾಕ್ಟ್ರೆ" ಎಂದೆ ಕೊನೆಗೆ. "ಬೋರರ್ ಔಷಧಿ ಕ್ಯಾನಲ್ಲಿ ನೀರು ತುಂಬಿ ನಾನೇ ಕೊಟ್ಟೆ."

ಅವರು ನನ್ನನ್ನು ಒಮ್ಮೆ ನೋಡಿ, ಚೀಟಿ ಕಿತ್ತುಕೊಂಡು ಎಸೆದು, ಮಗುವನ್ನೆತ್ತಿಕೊಂಡು ಒಳಗೆ ಓಡಿದರು. ನಂಜಮ್ಮನನ್ನೂ ಸ್ಟ್ರೆಚರಿನ ಮೇಲೆ ಮಲಗಿಸಿದರು. ಅವಳು ನರ್ಸಿನ ಕೈ ಹಿಡಿದು ಏನೋ ಹೇಳುತ್ತಿದ್ದಳು. ಮಗುವಿನ ಬಗ್ಗೆ ಕೇಳುತ್ತಿದ್ದಾಳೆಂದು ನಾನು ಹತ್ತಿರ ಹೋದೆ.

"ಅಮ್ಮಾವ್ರದ್ದೇನೂ ತಪ್ಪಿಲ್ಲ ಸಿಸ್ಟರ್" ಎನ್ನುತ್ತಿದ್ದಳು. "ವಾಸನೆ ಬಂದ್ರೂ ಕುಡಿದಿದ್ದು ನಾನು."

ಒಳಗಿನಿಂದ ಮಗುವಿನ ದನಿ ಇನ್ನೂ ಕೇಳಿರಲಿಲ್ಲ.