ಬಣ್ಣ ಹಾಕದೆ ನೋಡಿದ ಕರುಳು

ತಾಯಿ ಗಂಗುಬಾಯಿ ದೊಡ್ಡಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ, ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕಲಬುರಗಿಯ ಡಾಕ್ಟರ್ ವಿಜಯಶ್ರೀ ಹೇಳಿದ್ದರು. ಆಳಂದದಲ್ಲಿ ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ ನಡೆಸುವ ಸುಭದ್ರಾಬಾಯಿ, ಅತನೂರಿನಲ್ಲಿ ಒಕ್ಕಲುತನ ಮಾಡುವ ತಮ್ಮ ಕಲ್ಯಾಣಪ್ಪನ ಬೆನ್ನುಹತ್ತಿ ಅವನನ್ನೂ ಒಪ್ಪಿಸಿದಳು.

ವಿಜಯಶ್ರೀ ಅವರ ಆಸ್ಪತ್ರೆಯಲ್ಲಿ ಎರಡು ವಿಧಾನಗಳನ್ನು ಹೋಲಿಸುವ ಅಧ್ಯಯನ ನಡೆದಿತ್ತು. ಎರಡರಲ್ಲೂ ಕ್ಯಾಮೆರಾ ಇರುವ ಕೊಳವೆಯನ್ನು ಕರುಳಿನೊಳಗೆ ಬಿಡುತ್ತಾರೆ. ಒಂದರಲ್ಲಿ ಬರೀ ಬೆಳಕು, ಇನ್ನೊಂದರಲ್ಲಿ ನೀಲಿ ಬಣ್ಣ ಸಿಂಪಡಿಸಿ ನೋಡುತ್ತಾರೆ. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳು ಯಾವುದರಲ್ಲಿ ಹೆಚ್ಚು ಸಿಗುತ್ತವೆ ಎಂಬುದೇ ಪ್ರಶ್ನೆ. ಯಾರಿಗೆ ಯಾವುದೆಂದು ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸುತ್ತಿತ್ತು. ಇಬ್ಬರೂ ಒಪ್ಪಿದರು. ಅಕ್ಕನಿಗೆ ಬಣ್ಣ ಬಂತು, ತಮ್ಮನಿಗೆ ಬರೀ ಬೆಳಕು.

ಅಕ್ಕನಲ್ಲಿ ಚಪ್ಪಟೆ ಗಂಟೊಂದು ಸಿಕ್ಕಿತು, ಆಗಲೇ ತೆಗೆದರು. ತಮ್ಮನಲ್ಲಿ ಏನೂ ಸಿಗಲಿಲ್ಲ. ಆದರೂ ಸುಭದ್ರಾಬಾಯಿ ಅತನೂರಿಗೆ ಬಂದಾಗ ಅವನು ಊಟ ಬಿಟ್ಟು ಕುಳಿತಿದ್ದ.

“ಗಂಟು ಸಿಕ್ಕಿದ್ದು ನನಗ. ನೀ ಯಾಕ ಮಾರಿ ಸಣ್ಣ ಮಾಡ್ಕೊಂಡು ಕುಂತಿ?”

“ಸಿಗಲಿಲ್ಲಂದ್ರ ಇಲ್ಲಂತ ಹ್ಯಾಂಗ ನಂಬ್ಲಿ ಅಕ್ಕಾ? ನನಗ ಬಣ್ಣ ಹಾಕಿಲ್ಲ.” ತಲೆ ತಗ್ಗಿಸಿ ಹೇಳಿದ, “ಹೊಟ್ಟಿ ತೊಳಿಯೋ ಔಷಧ ಅರ್ಧ ಚೆಲ್ಲಿದ್ದೆ. ಒಂದ್ಕಡಿ ಸ್ವಚ್ಛ ಕಾಣ್ಲಿಲ್ಲ, ಮತ್ತ ಬರ್ರಿ ಅಂದಿದ್ರು. ಯಾರಿಗೂ ಹೇಳಿಲ್ಲ.”

ಸುಭದ್ರಾಬಾಯಿ ಬೈಯಲಿಲ್ಲ. ಮತ್ತೆ ದಿನ ಗೊತ್ತುಮಾಡಿ, ಈ ಸಲ ಎದುರಿಗೇ ಕುಳಿತು ಔಷಧ ಪೂರ್ತಿ ಕುಡಿಸಿದಳು. ಕಲಬುರಗಿಯಲ್ಲಿ ಕಲ್ಯಾಣಪ್ಪ ಬಣ್ಣವೇ ಬೇಕೆಂದು ಹಟ ಹಿಡಿದ.

“ಹಾಕೋಣ್ರಿ, ಈ ಸಲದ್ದು ಅಧ್ಯಯನದ ಲೆಕ್ಕಕ್ಕ ಬರಂಗಿಲ್ಲ,” ಎಂದರು ಡಾಕ್ಟರ್. “ಆದ್ರ ಕರುಳು ಸ್ವಚ್ಛ ಇಲ್ಲಂದ್ರ ಬಣ್ಣ ಹಾಕಿದ್ರೂ ಕಾಣಂಗಿಲ್ಲ. ಮೊದಲು ಬೆಳಕಿನಾಗ ಸಾವಕಾಶ ನೋಡ್ತೇನಿ.”

ಹೋದ ಸಲ ಮಸುಕಾಗಿದ್ದ ಜಾಗದಲ್ಲೇ, ಬರೀ ಬೆಳಕಿನಲ್ಲೇ, ಒಂದು ಗಂಟು ಕಂಡಿತು. ತೆಗೆದರು. ಆಮೇಲೆ ಬಣ್ಣ ಸಿಂಪಡಿಸಿ ಹುಡುಕಿದರೂ ಬೇರೇನೂ ಸಿಗಲಿಲ್ಲ. ಯಾವ ವಿಧಾನ ಮೇಲೆಂಬ ಲೆಕ್ಕ ಇನ್ನೂ ಮುಗಿದಿಲ್ಲವೆಂದು ಡಾಕ್ಟರ್ ನಕ್ಕರು.

ತೆಗೆದ ಗಂಟಿನ ಪರೀಕ್ಷೆಯ ವರದಿ ಹೇಳಲು ಆಸ್ಪತ್ರೆಯಿಂದ ಫೋನು ಬಂದಾಗ ಕಲ್ಯಾಣಪ್ಪ ತೊಗರಿ ಹೊಲದಲ್ಲಿದ್ದ. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ವರ್ಷಗಳ ಮೇಲೆ ಆಗಬಹುದಿತ್ತಂತೆ. ಅವನು ಬದುವಿನ ಮೇಲೆ ಕುಳಿತ. ಅಕ್ಕನಿಗೆ ಫೋನು ಹಚ್ಚಿದ. “ಏನಿಲ್ಲಂತ” ಎಂದಷ್ಟೇ ಹೇಳಿದ. ಆ ಕಡೆ ಅವಳು ಅಳುತ್ತ ನಗುತ್ತಿದ್ದಳು.

ಕಣ್ಣೊರೆಸಿಕೊಂಡು, ಪರೀಕ್ಷೆಗೆ ಹೆದರಿ ಜೇವರ್ಗಿಯಲ್ಲೇ ಉಳಿದಿದ್ದ ತಂಗಿ ಸುವರ್ಣಾಳಿಗೂ ಫೋನು ಮಾಡಿದ.

“ಅಂಜಬ್ಯಾಡ. ನಾನ ಕರಕೊಂಡು ಹೋಗ್ತೇನಿ.”