ಒಳ್ಳೇ ಮನೆಯ ಇಸ್ಪೀಟು

"ಎದ್ದೇಳಲೇ ಬೋಳಿಮಗನೆ! ಕೋಳಿ ಹಿಡಿಯಕ್ಕೆ ಕರ್ಕಬಂದಿರದು ನಿನ್ನ, ಕೋಳಿ ಜೊತೆ ಮಲಗಕ್ಕಲ್ಲ!"

ಕೋಳಿ ಹಿಡಿಯುವವರ ಮೇಸ್ತ್ರಿ ಸಿತ್ಥಿ ಥಾವೋನನ ಪಕ್ಕೆಗೆ ಜಾಡಿಸಿ ಒದ್ದ. ಥಾವೋನ್ ಏಳಲಿಲ್ಲ. ಹಿಕ್ಕೆಯ ಮೇಲೆ ಮಗ್ಗುಲಾಗಿ ಬಿದ್ದವನ ಮುಷ್ಟಿಯಲ್ಲಿ ಇನ್ನೂ ಕೋಳಿಗಳ ಕಾಲುಗಳಿದ್ದವು. ಅವು ರೆಕ್ಕೆ ಬಡಿದು ಬಡಿದು ಅವನ ಮುಖಕ್ಕೇ ಧೂಳೆರಚುತ್ತಿದ್ದವು.

ಬೆಳಕು ಕಂಡರೆ ಕೋಳಿ ಚದುರುತ್ತವೆಂದು ಶೆಡ್ಡಿನ ಬಾಗಿಲುಗಳನ್ನೆಲ್ಲ ಸಿತ್ಥಿಯೇ ಮುಚ್ಚಿಸಿದ್ದ. ಹೊರಗೆ ಅಮೆರಿಕದ ಆರ್ಕನ್ಸಾದ ಆಗಸ್ಟ್ ಬಿಸಿಲು, ಒಳಗೆ ಉಸಿರು ಕಟ್ಟಿಸುವ ಹಬೆ. ನೀರು ಬೇಕಾದರೆ ಲಾರಿ ತುಂಬಿದ ಮೇಲೆ ಎಂದು ಅಪ್ಪಣೆಯಾಗಿತ್ತು. ಬುನ್‌ಲೋಮ್ ತನ್ನ ಕೈಯಲ್ಲಿದ್ದ ಕೋಳಿಗಳನ್ನು ಬಿಸಾಕಿ ಓಡಿಬಂದು ಥಾವೋನನ ಹಣೆ ಮುಟ್ಟಿದ.

"ಅಣ್ಣ, ಮೈ ಕೆಂಡ ಆಗದೆ. ಬೆವರೇ ಇಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡ್ತೀನಿ."

"ಮಾಡು, ಮಾಡು. ಅದ್ರ ಹಿಂದೇನೇ ಪೊಲೀಸ್ ಬತ್ತಾನೆ. ಬಂದು ಯಾರ್ ಹೆಸರು ಕೇಳ್ತಾನೆ? ನಂದಾ? ನಾನು ಬಲಗೈ ಎತ್ತಿ ಪ್ರಮಾಣ ಮಾಡಿ ಈ ದೇಶದೋನಾದೋನು. ನೀನ್ಯಾವ ದೇಶದೋನ್ಲಾ, ಇಸ್ಪೀಟ್ ಕಳ್ಳ?"

ಹೇಳುತ್ತಲೇ ಇನ್ನೊಮ್ಮೆ ಒದ್ದ. ಈ ಸಲ ಹೊಟ್ಟೆಗೆ. ಥಾವೋನನ ಬಾಯಿಂದ ನೊರೆ ಬಂತು.

ಬುನ್‌ಲೋಮ್ ಎತ್ತಿದ ಫೋನನ್ನು ಮತ್ತೆ ಜೇಬಿಗೆ ಇಳಿಸಿದ. ಹೇಡಿ ಅನ್ನುವವರು ಅಂದುಕೊಳ್ಳಲಿ.

ಅವನು ಹುಟ್ಟಿದ್ದು ಮೆಕಾಂಗ್ ನದಿಯ ಆಚೆ ದಡದಲ್ಲಿ, ಥಾಯ್ಲೆಂಡಿನ ನಿರಾಶ್ರಿತರ ಶಿಬಿರದಲ್ಲಿ. ಅಮ್ಮನ ಸೊಂಟದ ಮೇಲೆ ಕೂತು ಅಮೆರಿಕಕ್ಕೆ ಬಂದವನು ಲಾವೋಸಿನ ಮಣ್ಣು ತುಳಿದವನೇ ಅಲ್ಲ. ಆ ಅಮ್ಮ ಸತ್ತಾಗ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಲಾವೋ ಜನ ಸಾವಿನ ಮನೆಯನ್ನು ಒಳ್ಳೇ ಮನೆ ಅನ್ನುತ್ತಾರೆ. ಆ ಮನೆ ಬಿಕೋ ಅನ್ನಬಾರದು, ಉಳಿದವರು ಒಂಟಿಯಾಗಿ ಅಳಬಾರದು. ಅದಕ್ಕೇ ನೆಂಟರು, ನೆರೆಯವರು ದಿನಗಟ್ಟಲೆ ಬಂದು ಕೂತು, ಕುಡಿದು, ನಕ್ಕು, ದುಡ್ಡಿಟ್ಟು ಇಸ್ಪೀಟು ಆಡುತ್ತಾರೆ. ಪಕ್ಕದ ಮನೆಯ ಬಿಳಿಯ ಮುದುಕ ಜೂಜಿನ ಅಡ್ಡೆ ಅಂತ ಪೊಲೀಸರಿಗೆ ಹೇಳಿದ. ಅವರು ಬಂದು, ಅಮ್ಮನ ಫೋಟೋ ಮುಂದೆ ಎಲೆ ಹಿಡಿದು ಕೂತಿದ್ದ ಮುದುಕಿಯರನ್ನು ಎಬ್ಬಿಸಿ, ಬುನ್‌ಲೋಮನಿಗೆ ಬೇಡಿ ಹಾಕಿದರು. ಬಾಡಿಗೆ ಚೀಟಿ ಅವನ ಹೆಸರಿನಲ್ಲಿತ್ತು. "ತಪ್ಪಾಯ್ತು, ಹೂಂ ಅಂದುಬಿಡು, ಇವತ್ತೇ ಮನೆಗೆ ಹೋಗ್ತೀಯ" ಎಂದ ಅವನ ಪರವಾಗಿ ಸರ್ಕಾರ ಕೊಟ್ಟಿದ್ದ ವಕೀಲ. ಅಮ್ಮನ ಬೂದಿ ದೇವಾಲಯದಲ್ಲಿ ಕಾಯುತ್ತಿತ್ತು. ಹೂಂ ಅಂದ. ಆ ಒಂದು ಹೂಂ ಅವನ ಗ್ರೀನ್ ಕಾರ್ಡನ್ನು ನುಂಗಿಹಾಕಿತೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಗಡೀಪಾರಿನ ಆದೇಶವಾಯಿತು. ಲಾವೋಸ್ ಅವನನ್ನು ಬೇಡವೆಂದದ್ದಕ್ಕೆ ಹೊರಗೆ ಬಿಟ್ಟಿದ್ದರು. ಈಗೀಗ ಲಾವೋಸೂ ಹೂಂ ಅನ್ನತೊಡಗಿತ್ತು. ಪೊಲೀಸರ ಬಾಯಲ್ಲಿ ಇನ್ನೊಂದು ಸಲ ಅವನ ಹೆಸರು ಬಂದರೆ ಹೆಂಡತಿ ಕೆಯೋತಾಳನ್ನು ಬಿಟ್ಟು ವಿಮಾನ ಹತ್ತಬೇಕು.

ಲಾರಿ ತುಂಬಿತು. ಆಮೇಲೆ ಥಾವೋನನನ್ನು ಕೈಕಾಲು ಹಿಡಿದು ಎತ್ತಿ ವ್ಯಾನಿಗೆ ಹಾಕಿದರು. ಅವನ ಟ್ರೇಲರ್ ಮನೆಯ ಅಂಗಳ ಮುಟ್ಟುವ ಹೊತ್ತಿಗೆ ಉಸಿರು ನಿಂತಿತ್ತು. ಆ ಟ್ರೇಲರೂ ಸಿತ್ಥಿಯದೇ, ಅಲ್ಲಿ ಸಾಲಾಗಿ ನಿಂತ ಟ್ರೇಲರುಗಳೆಲ್ಲ ಅವನವೇ.

"ಅಂಗಳದಲ್ಲಿ ಹುಲ್ಲು ಕತ್ತರಿಸ್ತಾ ಬಿದ್ದ. ಎದೆ ನಿಂತೋಯ್ತು. ಏನು?" ಎಂದ ಸಿತ್ಥಿ, ಒಬ್ಬೊಬ್ಬರ ಮುಖ ನೋಡುತ್ತ. ಬುನ್‌ಲೋಮನ ಮುಖದ ಮೇಲೆ ಕಣ್ಣು ನಿಲ್ಲಿಸಿದ. ಬುನ್‌ಲೋಮ್ ತಲೆ ತಗ್ಗಿಸಿದ.

ಮಾರನೆಯ ದಿನ ಮಧ್ಯಾಹ್ನ ಥಾವೋನನ ಹೆಂಡತಿ ಫೇಂಗ್ಸಿ ಚಾಪೆ ಹಾಸಿ ಕೂತಿದ್ದಳು. ಹೆಣ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿತ್ತು. ಮನೆಯಲ್ಲಿ ಫೋಟೋ, ಊದುಬತ್ತಿ, ತಟ್ಟೆಯಲ್ಲಿ ಒಂದು ಮುದ್ದೆ ಅಂಟಕ್ಕಿ ಅನ್ನ. ಯಾರೂ ಒಳಗೆ ಬಂದಿರಲಿಲ್ಲ. ಬಂದವರು ಮೆಟ್ಟಿಲ ಮೇಲೆ ಪಾತ್ರೆ ಇಟ್ಟು ಹಾಗೇ ಹೋಗಿದ್ದರು. ಕಳಲೆ ಸಾರು, ಕೊಚ್ಚಿದ ಮಾಂಸದ ಲಾಪ್, ಹುಳಿ ಮೀನು ಬಿಸಿಲಿನಲ್ಲಿ ನೊಣ ಕರೆಯುತ್ತಿದ್ದವು. ಸಿತ್ಥಿ ಬೆಳಿಗ್ಗೆಯೇ ಬಾಗಿಲು ಬಾಗಿಲಿಗೂ ಹೋಗಿ ಹೇಳಿ ಬಂದಿದ್ದ: ಜನ ಸೇರಿದರೆ ಪೊಲೀಸ್, ಪೊಲೀಸ್ ಬಂದರೆ ವಿಮಾನ. ಆ ಸಾಲಿನಲ್ಲಿ ಎಲ್ಲರ ತಲೆಯ ಮೇಲೂ ಒಂದೊಂದು ಹೂಂ ಇತ್ತು. ಒಬ್ಬ ಮಿತಿ ಮೀರಿ ಮೀನು ಹಿಡಿದಿದ್ದ, ಒಬ್ಬ ಬಿಯರ್ ಕುಡಿದು ಕಾರು ಓಡಿಸಿದ್ದ, ಒಬ್ಬ ಹರೆಯದಲ್ಲಿ ಯಾರಿಗೋ ಕಪಾಳಕ್ಕೆ ಬಾರಿಸಿದ್ದ.

ಬುನ್‌ಲೋಮ್ ಹೊರಟಾಗ ಕೆಯೋತಾ ತಮ್ಮ ಮನೆಯ ಬಾಗಿಲಿಗೆ ಅಡ್ಡ ನಿಂತಳು. "ನಿನ್ ಕಾಲಿಗೆ ಬೀಳ್ತೀನಿ, ಹೋಗಬ್ಯಾಡ. ಸತ್ತೋನು ಸತ್ತ. ನೀನೂ ಹೋದ್ರೆ ನಾನೇನ್ ಮಣ್ಣು ತಿನ್ಲಾ?"

"ನನ್ನ ಅಮ್ಮ ಸತ್ತಾಗ ಥಾವೋನ್ ಒಂದ್ ವಾರ ನಮ್ಮನೇಲೇ ಇದ್ದ ಕಣೇ" ಎಂದ ಬುನ್‌ಲೋಮ್. ಅವಳನ್ನು ಮೆಲ್ಲಗೆ ಸರಿಸಿ ಹೊರಟ.

ಫೇಂಗ್ಸಿ ಅವನನ್ನು ಕಂಡು ಅಳಲಿಲ್ಲ. ಇಸ್ಪೀಟಿನ ಕಟ್ಟನ್ನು ಅವನ ಮುಂದೆ ತಳ್ಳಿದಳು.

"ಹಾಕು. ನನ್ ಗಂಡನ ಮನೆ ಸುಮ್ಕಿರಬಾರದು."

ಅವನು ಎಲೆ ಕಲೆಸಿ ಹಂಚಿದ. ಅವಳು ಎಲೆಗಳನ್ನು ನೋಡದೆ ಕೇಳಿದಳು, "ಅಂಗಳದಲ್ಲಿ ಬಿದ್ದೋನ ಮೂಗಲ್ಲಿ ಕೋಳಿ ಪುಕ್ಕ ಹೆಂಗೋಯ್ತು ಹೇಳು."

ಬುನ್‌ಲೋಮ್ ತನ್ನ ಎಲೆಗಳನ್ನು ಚಾಪೆಯ ಮೇಲಿಟ್ಟ.

"ಪಕ್ಕೆ ನೀಲಿಗಟ್ಟಿತ್ತು. ನಾನೇ ಅಂಗಿ ಬಿಚ್ಚಿದ್ದು. ಹುಲ್ಲು ಒದೀತದಾ ಮನುಷ್ಯನ್ನ?"

"ಸಿತ್ಥಿ ಒದ್ದ" ಎಂದ ಬುನ್‌ಲೋಮ್. "ಬಿದ್ದೋನ್ಗೆ ಒದ್ದ. ನೀರು ಕೊಡಲಿಲ್ಲ. ನಾನು ಫೋನ್ ತೆಗೆದೋನು ಜೇಬಿಗೆ ಹಾಕ್ಕಂಡೆ ಅಕ್ಕ. ಹೆದರ್ಕಂಡೆ."

ಅವಳು ತನ್ನ ಎಲೆಗಳನ್ನು ಎತ್ತಿಕೊಂಡಳು. ಒಂದು ಬೈಗುಳ ಬಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಹೊರಗೆ ಕಾರು ನಿಂತ ಸದ್ದಾಯಿತು. ಸಿತ್ಥಿ ಬೂಟುಗಾಲಲ್ಲೇ ಚಾಪೆಯ ಮೇಲೆ ಬಂದು ನಿಂತ.

"ಎಷ್ಟು ಸಲ ಹೇಳಬೇಕ್ಲಾ ನಿಮ್ಗೆ? ಶುಕ್ರವಾರ ಹೆಣ ಸುಡೋದು, ಮುಗೀತು. ಮನೆ ನಂದು. ಇಲ್ಲಿ ಜೂಜೂ ಇಲ್ಲ, ಗೋಳೂ ಇಲ್ಲ."

"ಒಳ್ಳೇ ಮನೆ ಇದು. ಬೂಟ್ ತೆಗಿ" ಎಂದಳು ಫೇಂಗ್ಸಿ.

ಸಿತ್ಥಿ ಅನ್ನದ ತಟ್ಟೆಯನ್ನೇ ಒದ್ದ. ಊದುಬತ್ತಿ ಮುರಿಯಿತು, ಥಾವೋನನ ಫೋಟೋ ಅಂಗಾತ ಬಿತ್ತು. ಅದನ್ನು ಎತ್ತಲು ಬಗ್ಗಿದ ಫೇಂಗ್ಸಿಯ ಕೈಯನ್ನು ಬೂಟಿನಡಿ ತುಳಿದ. ಬೆರಳು ಲಟಕ್ಕೆಂದಿತು. ಬುನ್‌ಲೋಮನ ಜುಟ್ಟು ಹಿಡಿದು, "ನಾಳೇನೇ ಹೇಳ್ತೀನಿ ಕಣೋ ಸೂಳೆಮಗನೆ, ನಿನ್ನ ಆ ದರಿದ್ರ ದೇಶಕ್ಕೆ—"

ಕೋಳಿ ಹಿಡಿಯುವವರು ಕುತ್ತಿಗೆಗೆ ಕೈ ಹಾಕುವುದಿಲ್ಲ, ಕಾಲಿಗೆ ಹಾಕುತ್ತಾರೆ. ಬುನ್‌ಲೋಮ್ ಅವನ ಹಿಮ್ಮಡಿ ಹಿಡಿದು ಎಳೆದ. ಸಿತ್ಥಿ ಬೆನ್ನಡಿಯಾಗಿ ಬಿದ್ದ, ತಲೆ ಗೋಡೆಯ ತಗಡಿಗೆ ಬಡಿಯಿತು. ಬುನ್‌ಲೋಮ್ ಎದೆಯ ಮೇಲೆ ಕೂತು ಗುದ್ದಿದ. ಮೂಗು ಮುರಿಯಿತು. ಮತ್ತೆ ಗುದ್ದಿದ. ಹಲ್ಲು ಅವನ ಮುಷ್ಟಿಯನ್ನೇ ಸೀಳಿತು. ನೋವಾಗಲಿಲ್ಲ. ಸುಳ್ಳೇಕೆ, ಹಾಯೆನಿಸಿತು. ವರ್ಷಗಟ್ಟಲೆ ಅಣ್ಣ ಅಣ್ಣ ಅಂದು ನುಂಗಿದ್ದೆಲ್ಲ ಆ ತೋಳಿಗೆ ಬಂದಿತ್ತು. ಸಿತ್ಥಿ ಬಾಯ್ತುಂಬ ರಕ್ತ ತುಂಬಿಕೊಂಡು ಗೊರಗುಟ್ಟಿದ.

"ಸಾಕು" ಎಂದಳು ಫೇಂಗ್ಸಿ, ಮುರಿದ ಬೆರಳನ್ನು ಎದೆಗೆ ಒತ್ತಿಕೊಂಡು. "ಒಂದ್ ಸಾವೇ ಸಾಕು ಈ ಮನೆಗೆ."

ಬುನ್‌ಲೋಮ್ ಏದುಸಿರು ಬಿಡುತ್ತ ಎದ್ದ. ಸಿತ್ಥಿ ತೆವಳಿಕೊಂಡು ಬಾಗಿಲು ದಾಟಿ, ಲಾಪ್ ಪಾತ್ರೆಯನ್ನು ಉರುಳಿಸಿ, ಅಂಗಳದಲ್ಲಿ ಕುಕ್ಕರಿಸಿದ. "ಸತ್ತೆ ಕಣೋ ನೀನು! ವಿಮಾನ ಹತ್ತಿಸ್ತೀನಿ!" ಎಂದು ಅಲ್ಲಿಂದಲೇ ಅರಚಿದ.

"ನೀನ್ಯಾಕೆ ಕಷ್ಟಪಡ್ತೀಯ" ಎಂದ ಬುನ್‌ಲೋಮ್. ಫೋನ್ ತೆಗೆದು ತಾನೇ ಪೊಲೀಸರಿಗೆ ಹಚ್ಚಿದ. ಬಾಗಿಲಲ್ಲಿ ನಿಂತು, ಸಾಲಿಗೆಲ್ಲ ಕೇಳುವಂತೆ ಹೇಳಿದ: ಇಲ್ಲೊಬ್ಬನನ್ನು ಕೊಂದಿದ್ದಾರೆ, ನಾನು ನೋಡಿದ್ದೇನೆ. ಕೊಂದವನನ್ನು ನಾನು ಹೊಡೆದಿದ್ದೇನೆ, ಅದನ್ನೂ ಬರೆದುಕೊಳ್ಳಿ. ತನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದ.

ಒಳಗೆ ಬಂದು ಫೋಟೋ ಎತ್ತಿ ನಿಲ್ಲಿಸಿ, ಎಲೆಗಳನ್ನು ಒಟ್ಟುಮಾಡಿ ಕೂತ. ಮೊದಲು ಬಂದವಳು ಕೆಯೋತಾ. ಅಳುತ್ತಲೇ ಚಪ್ಪಲಿ ಬಿಚ್ಚಿ, ಅವನ ರಕ್ತದ ಕೈಗೆ ತನ್ನ ಬಟ್ಟೆಯ ಅಂಚು ಹರಿದು ಸುತ್ತಿ, "ನಂಗೂ ಹಾಕು" ಎಂದಳು. ಆಮೇಲೆ ಮೀನಿನವನು ಬಂದ. ಬಿಯರಿನವನು ಬಂದ. ಮುದುಕಿಯರು ಮೆಟ್ಟಿಲ ಮೇಲಿನ ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಬಂದರು. ಯಾರೋ ಒಬ್ಬಳು, "ಈ ಮುಂಡೇಮಗ ಥಾವೋನ್ ಬದುಕಿದ್ದಾಗ ಆಟದಲ್ಲಿ ಬರೀ ಮೋಸ" ಎಂದಳು. ಎಲ್ಲರೂ ನಕ್ಕರು. ಫೇಂಗ್ಸಿ ಆಗ ಅತ್ತಳು.

ಸೈರನ್ ಕೇಳಿಸಿತು. ಯಾರೂ ಏಳಲಿಲ್ಲ.

ಪೊಲೀಸಿನವನು ಅಂಗಳದಲ್ಲಿ ಕೂತಿದ್ದ ಸಿತ್ಥಿಯನ್ನು ದಾಟಿ, ಪಿಸ್ತೂಲಿನ ಮೇಲೆ ಕೈಯಿಟ್ಟು ಬಾಗಿಲಿಗೆ ಬಂದ. "ಬುನ್‌ಲೋಮ್ ಯಾರು?" ಎಂದು ಇಂಗ್ಲಿಷಿನಲ್ಲಿ ಗದರಿದ. ಎಲ್ಲರೂ ಕೈಯಲ್ಲಿದ್ದ ಎಲೆಗಳನ್ನೇ ನೋಡುತ್ತಿದ್ದರು. ಅವನು ಒಂದು ಕಾಲು ಒಳಗಿಡಲು ಎತ್ತಿದಾಗ ಫೇಂಗ್ಸಿ ಎದ್ದು, ಹೊಸ್ತಿಲಿಗೆ ಅಡ್ಡ ನಿಂತು, ಬಾತುಕೊಂಡ ಕೈಯನ್ನು ಅವನ ಮುಖದ ಮುಂದೆ ಚಾಚಿದಳು.

"ಸಾವಿನ ಮನೆ ಇದು. ಬೂಟ್ ಬಿಚ್ಚಿ ಒಳಗ್ ಬಾ."

ಅವನಿಗೆ ಲಾವೋ ಮಾತು ತಿಳಿಯಲಿಲ್ಲ. "ಏನಂತಾಳೆ ಇವಳು?" ಎಂದು ಕೂಗಿದ.

ಬುನ್‌ಲೋಮ್ ಕೈಯಲ್ಲಿದ್ದ ಎಲೆಗಳನ್ನು ಕವುಚಿ ಇಟ್ಟು ಎದ್ದು ನಿಂತ. ಅವಳು ಹೇಳಿದ್ದನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದ.